ಇಪ್ಪತ್ತು ನಿಮಿಷದ ಭಾನುವಾರ

ನಮ್ಮ ಮನೆಯಿಂದ ಏಳಿಮಲದ ನೌಕಾ ಅಕಾಡೆಮಿಗೆ ಹೆಚ್ಚೆಂದರೆ ನೂರು ಕಿಲೋಮೀಟರ್. ಬದಿಯಡ್ಕದಿಂದ ಬಸ್ಸಿನಲ್ಲಿ ಕಾಸರಗೋಡು, ಅಲ್ಲಿಂದ ಪಯ್ಯನ್ನೂರಿಗೆ ಗಂಟೆಯೊಳಗಿನ ರೈಲು, ಮತ್ತೆ ಸ್ವಲ್ಪ ರಸ್ತೆ. ಬೆಳಿಗ್ಗೆ ದೋಸೆ ತಿಂದು ಹೊರಟವರು ಸಂಜೆಯ ಚಹಾಕ್ಕೆ ಮನೆಗೆ ಮರಳಬಹುದು. ಹಾಗಿದ್ದೂ ನಾಲ್ಕು ವರ್ಷಗಳಲ್ಲಿ, ರಜೆಯ ದಿನಗಳನ್ನು ಬಿಟ್ಟರೆ, ಅಲ್ಲಿ ತರಬೇತಿಗೆ ಸೇರಿದ್ದ ನನ್ನ ಹುಡುಗನೂ ನಾನೂ ಮುಖ ನೋಡಿಕೊಂಡದ್ದು ಮೂರೇ ಸಲ. ನನ್ನ ಗೆಳತಿಯ ಗಂಡ ದುಬೈಯಲ್ಲಿದ್ದಾನೆ. ಅವರಿಬ್ಬರೂ ದಿನಾ ರಾತ್ರಿ ಮೊಬೈಲನ್ನು ನೀರಿನ ಚೊಂಬಿಗೆ ಒರಗಿಸಿಟ್ಟು ಎದುರುಬದುರು ಕುಳಿತಂತೆ ಊಟ ಮಾಡುತ್ತಾರೆ. "ನಿನ್ನವನು ಎಲ್ಲಿರುವುದು?" ಎಂದು ಅವಳು ಕೇಳಿದಾಗ "ಪಯ್ಯನ್ನೂರಿನ ಆಚೆ" ಎಂದೆ. "ಅಷ್ಟೇಯಾ? ಹಾಗಾದರೆ ನಿನಗೇನು ಕಷ್ಟ ಮಾರಾಯ್ತಿ!" ಎಂದುಬಿಟ್ಟಳು. ಅವತ್ತು ಅವಳಿಗೆ ಏನೂ ಹೇಳಲಾಗಲಿಲ್ಲ. ಈಗ ಹೇಳುತ್ತಿದ್ದೇನೆ.

ಪ್ಲಸ್ ಟುವಿನಲ್ಲಿ ನಾವು ಒಂದೇ ಶಾಲೆ. ಅವನದು ವಿಜ್ಞಾನ, ನನ್ನದು ಹ್ಯುಮಾನಿಟೀಸ್. ಕನ್ನಡ ತರಗತಿಗೆ ಮಾತ್ರ ಎರಡೂ ಕಡೆಯವರನ್ನು ಒಂದು ಕೋಣೆಯಲ್ಲಿ ಕೂರಿಸುತ್ತಿದ್ದರು. ಕಾಸರಗೋಡಿನಲ್ಲಿ ಕನ್ನಡ ಉಳಿಯುವುದರಿಂದ ಯಾರ್ಯಾರಿಗೆ ಏನೇನು ಲಾಭವಾಗಿದೆಯೋ, ನನಗಂತೂ ಅವನು ಸಿಕ್ಕಿದ. ಪರೀಕ್ಷೆ ಮುಗಿದ ಮೇಲೆ ನಾನು ವಿದ್ಯಾನಗರದ ಸರಕಾರಿ ಕಾಲೇಜಿನಲ್ಲಿ ಕನ್ನಡ ಬಿ.ಎ.ಗೆ ಸೇರಿದೆ. ಅವನು ಜೆಇಇ ಮೇನ್ ಬರೆದು, ಆ ಶ್ರೇಯಾಂಕದ ಮೇಲೆ ನೌಕಾಪಡೆಯ ಬಿ.ಟೆಕ್ ಪ್ರವೇಶಕ್ಕೆ ಅರ್ಜಿ ಹಾಕಿ, ಬೆಂಗಳೂರಿನಲ್ಲಿ ಐದು ದಿನದ ಆಯ್ಕೆ ಮಂಡಳಿಯ ಸಂದರ್ಶನಕ್ಕೆ ಹೋದ. ಮೊದಲ ದಿನದ ಪರೀಕ್ಷೆಯಲ್ಲಿ ಉಳಿಯದವರನ್ನು ಆ ದಿನವೇ ಮನೆಗೆ ಕಳುಹಿಸುತ್ತಾರೆ. ಹೋಗುವಾಗ ಅವನು ಒಂದೇ ಜೊತೆ ಬಟ್ಟೆ ಒಯ್ದಿದ್ದ, ಅಷ್ಟು ಆತ್ಮವಿಶ್ವಾಸ. ಐದನೆಯ ದಿನ ಅದೇ ಅಂಗಿಯಲ್ಲಿ ಆಯ್ಕೆಯಾಗಿ ಬಂದ.

ಆ ಅರ್ಜಿಯ ಷರತ್ತುಗಳಲ್ಲಿ ಒಂದು ನನಗೆ ಬಹಳ ಇಷ್ಟವಾಗಿತ್ತು. ಅಭ್ಯರ್ಥಿ ಅವಿವಾಹಿತನಾಗಿರಬೇಕು, ತರಬೇತಿ ಮುಗಿಯುವ ತನಕ ಮದುವೆಯಾಗುವಂತಿಲ್ಲ. ಎಂಟು ಟರ್ಮ್, ನಾಲ್ಕು ವರ್ಷ. ನಮ್ಮ ಮನೆಯಲ್ಲಿ ನಾಳೆ ಯಾರಾದರೂ ಅವಸರ ಮಾಡಿದರೆ ಭಾರತ ಸರಕಾರವೇ ನನ್ನ ಪರವಾಗಿ ಅಡ್ಡ ನಿಲ್ಲುತ್ತದಲ್ಲ ಎಂದುಕೊಂಡೆ. ಸರಕಾರ ನನಗೂ ಅಡ್ಡ ನಿಂತೀತು ಎಂಬುದು ಹೊಳೆಯಲಿಲ್ಲ.

ಅವನು ಹೋದದ್ದು ಜುಲೈಯಲ್ಲಿ, ಹೊಳೆಗಳೆಲ್ಲ ಕೆಂಪಗೆ ಹರಿಯುವ ಕಾಲ. ಕರಿಯ ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ಹೆಸರು ಬರೆಸಿ, ಮುಳ್ಳೇರಿಯದಿಂದ ಅವನ ಅಪ್ಪನ ಜೀಪಿನಲ್ಲಿ ಹೊರಟ. "ತಲುಪಿದ ಕೂಡಲೇ ಫೋನ್ ಮಾಡುತ್ತೇನೆ" ಎಂದಿದ್ದ. ಆ ಫೋನ್ ಬಂದದ್ದು ಇಪ್ಪತ್ತಮೂರನೆಯ ದಿನ, ಗುರುತಿಲ್ಲದ ಸಂಖ್ಯೆಯಿಂದ. ಕೂಗಿ ಕೂಗಿ ಸ್ವರ ಒಡೆದುಹೋಗಿ ಅದು ಅವನೆಂದೇ ಗೊತ್ತಾಗಲಿಲ್ಲ. "ಊಟ ಸರಿಯಾಗಿ ಮಾಡುತ್ತೀಯಾ?" ಎಂದು ಕೇಳಿದರೆ "ಎಸ್ ಸರ್" ಎಂದ. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು.

ಮೊದಲ ಟರ್ಮಿನಲ್ಲಿ ಫೋನ್ ಅವನ ಕೈಯಲ್ಲಿರಲಿಲ್ಲ. ಭಾನುವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಸ್ವಲ್ಪ ಸಮಯ ಸಿಗುತ್ತಿತ್ತು. ಅದರಲ್ಲಿ ಮೊದಲ ಪಾಲು ಅಮ್ಮನಿಗೆ, ಉಳಿದದ್ದು ನನಗೆ. ಅವನ ಅಮ್ಮನಿಗೆ ಹೇಳಲು ವಿಷಯ ಹೆಚ್ಚಿದ್ದ ವಾರ, ಅಂದರೆ ದನ ಕರು ಹಾಕಿದ ವಾರ, ಅಡಿಕೆಗೆ ಕೊಳೆರೋಗ ಬಂದ ವಾರ, ನನಗೆ ಸಿಗುತ್ತಿದ್ದದ್ದು ನಾಲ್ಕು ನಿಮಿಷ. ಏನೂ ನಡೆಯದ ವಾರ ಇಪ್ಪತ್ತು. ಮುಳ್ಳೇರಿಯದ ಆ ತೋಟದಲ್ಲಿ ಏನೂ ನಡೆಯದಿರಲಿ ಎಂದು ಎಷ್ಟು ಬೇಡಿಕೊಂಡಿದ್ದೇನೋ.

ನನ್ನ ತಾಪತ್ರಯ ಬೇರೆ. ನಮ್ಮ ಮನೆ ಇರುವುದು ತೋಟದ ಗುಂಡಿಯಲ್ಲಿ, ಮೂರು ಕಡೆ ಗುಡ್ಡ. ಗುಡ್ಡದೊಳಗೆ ಸುರಂಗ ಕೊರೆದು ನೀರು ತಂದ ಹಿರಿಯರು ಸಿಗ್ನಲಿನ ಬಗ್ಗೆ ಯೋಚಿಸಿದಂತಿಲ್ಲ. ಮೊಬೈಲ್ ಕೆಲಸ ಮಾಡುವುದು ಮೇಲೆ, ಮುರಕಲ್ಲಿನ ಪಾರೆಯ ತುದಿಯಲ್ಲಿ, ಒಂದು ಗೇರುಮರದ ಬುಡದಲ್ಲಿ. ಆ ಮಳೆಗಾಲ ಪೂರ್ತಿ ಭಾನುವಾರ ಹತ್ತೂಮುಕ್ಕಾಲಕ್ಕೆ ಕೊಡೆ ಹಿಡಿದು ಗುಡ್ಡ ಹತ್ತಿದೆ. ಕೇಳಿದವರಿಗೆ ಒಂದು ಸಲ ಹಟ್ಟಿಗೆ ಸೊಪ್ಪು ಎನ್ನುತ್ತಿದ್ದೆ, ಒಂದು ಸಲ ಗೇರುಬೀಜ. ಎರಡು ವಾರ ಸುಮ್ಮನೆ ನೋಡುತ್ತಿದ್ದ ಅಜ್ಜಿ ಒಂದು ದಿನ ಎಲೆಅಡಿಕೆ ಜಗಿಯುತ್ತ, "ಆಟಿ ತಿಂಗಳ ಮಳೆಗೆ ಯಾವ ಗೇರುಬೀಜ ಹೆಕ್ಕಲು ಹೋಗುತ್ತೀ ಮಗಳೇ?" ಎಂದರು. ಸುಳ್ಳು ಹೇಳುವವರಿಗೆ ಬೆಳೆಯ ಕಾಲಮಾನ ಗೊತ್ತಿರಬೇಕು. ಅಜ್ಜಿ ಮತ್ತೆ ಕೇಳಲಿಲ್ಲ. ಮುಂದಿನ ಭಾನುವಾರ ಅವರೇ "ಹೊತ್ತಾಯಿತಲ್ಲ, ಸೊಪ್ಪು ತರುವುದಿಲ್ಲವಾ?" ಎಂದು ನೆನಪಿಸಿದರು.

ಉಳಿದ ಆರು ದಿನ ಕಾಗದ. ನಮ್ಮ ವಯಸ್ಸಿನವರಲ್ಲಿ ಇನ್‌ಲ್ಯಾಂಡ್ ಲೆಟರ್ ಕೊಂಡವರು ಬದಿಯಡ್ಕದಲ್ಲಿ ಬೇರೆ ಯಾರೂ ಇರಲಾರರು. ಎರಡೂವರೆ ರೂಪಾಯಿಯ ನೀಲಿ ಕಾಗದ, ಮೂರು ಮಡಿಕೆ. ಹೊರಗೆ ಇಂಗ್ಲಿಷಿನಲ್ಲಿ ವಿಳಾಸ, ಒಳಗೆ ಕನ್ನಡ. ಇಷ್ಟೇ ದೂರಕ್ಕೆ ಅದು ನಾಲ್ಕು ದಿನ ತೆಗೆದುಕೊಳ್ಳುತ್ತಿತ್ತು. ಹಾಗಾಗಿ ಅವನ ಬುಧವಾರದ ಹೊಟ್ಟೆನೋವಿಗೆ ನಾನು ಮುಂದಿನ ಬುಧವಾರ ಔಷಧ ಹೇಳಿದ್ದೂ ಇದೆ.

ಅವನ ಮೊದಲ ಕಾಗದ ಓದಿ ನಾನು ಮಾಡಿದ ಕೆಲಸಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ. ಹಗಲೆಲ್ಲ ಹಿಂದಿ, ಇಂಗ್ಲಿಷ್ ಆಡಿ ಅವನ ಕೈಯಿಂದ ಮಹಾಪ್ರಾಣಗಳು ಒಂದೊಂದೇ ಉದುರಿಹೋಗಿದ್ದವು. 'ನನ್ನ ಬಾವನೆಗಳನ್ನು ಹೇಗೆ ಹೇಳಲಿ' ಎಂದು ಬರೆದಿದ್ದ. ಕನ್ನಡ ಬಿ.ಎ. ಮೊದಲ ವರ್ಷದ ಹುರುಪಿನಲ್ಲಿ ಕೆಂಪು ಪೆನ್ನು ತೆಗೆದುಕೊಂಡು ಎಲ್ಲವನ್ನೂ ತಿದ್ದಿ, ಕೆಳಗೆ 'ನಿನ್ನ ಭಾವನೆಗೆ ಪ್ರಾಣ ಸಾಲದು' ಎಂದು ಷರಾ ಬರೆದು ವಾಪಸು ಕಳುಹಿಸಿದೆ. ತಮಾಷೆ ಎಂದುಕೊಂಡಿದ್ದೆ. ಬೆಳಿಗ್ಗೆ ನಸುಕಿನ ಪಿ.ಟಿ.ಯಿಂದ ರಾತ್ರಿ ದೀಪ ಆರುವ ತನಕ ಬರೀ ತಪ್ಪು ತಿದ್ದಿಸಿಕೊಳ್ಳುವುದರಲ್ಲೇ ದಿನ ಕಳೆಯುವ ಹುಡುಗನಿಗೆ ಅದು ಹೇಗೆ ಕಂಡೀತೆಂದು ಯೋಚಿಸಲಿಲ್ಲ. ಮೂರು ವಾರ ಕಾಗದ ಬರಲಿಲ್ಲ. ಭಾನುವಾರ ಕೇಳಿದರೆ "ಇಲ್ಲಿ ನನಗೆ ಇನ್‌ಸ್ಟ್ರಕ್ಟರುಗಳು ಸಾಕಷ್ಟಿದ್ದಾರೆ" ಎಂದ. ಆಮೇಲೆ ನಾನು ಮಹಾಪ್ರಾಣ ತಿದ್ದಲಿಲ್ಲ. ಈಗ ಅವನ ಕಾಗದದಲ್ಲಿ ಎಲ್ಲಾದರೂ ಸರಿಯಾದ 'ಭ' ಕಂಡರೆ ಯಾರೋ ಬರೆದುಕೊಟ್ಟಿರಬೇಕೆಂದು ಸಂಶಯ ಬರುತ್ತದೆ.

ಕಾಗದದಲ್ಲಿ ಏನು ಬರೆಯಬೇಕು ಎಂಬುದನ್ನು ಕಲಿಯಲು ನನಗೆ ವರ್ಷ ಹಿಡಿಯಿತು. 'ನಿನ್ನ ನೆನಪಾಗುತ್ತದೆ' ಎಂದು ಒಂದು ಪುಟ ಬರೆದರೆ ಅದನ್ನು ಓದಿ ಅವನು ಮಾಡುವುದಾದರೂ ಏನು? ಬದಲಿಗೆ ಬಸ್ಸಿನಲ್ಲಿ ಕಂಡಕ್ಟರನಿಗೂ ಮುದುಕಿಗೂ ಎರಡು ರೂಪಾಯಿ ಚಿಲ್ಲರೆಗೆ ಮೂರು ಭಾಷೆಯಲ್ಲಿ ನಡೆದ ಜಗಳ ಬರೆದೆ. ಹಲಸಿನಹಣ್ಣು ಬಿದ್ದು ಹಟ್ಟಿಯ ಹಂಚು ಒಡೆದದ್ದನ್ನು ಬರೆದೆ. ಆ ಬಸ್ಸಿನ ಜಗಳವನ್ನು ಅವನು ಹರಿಯಾಣದ ಕೋರ್ಸ್‌ಮೇಟಿಗೆ ಹಿಂದಿಯಲ್ಲಿ ಅಭಿನಯಿಸಿ ತೋರಿಸಿದನಂತೆ. ಮುಂದಿನ ಕಾಗದದ ಅಂಚಿನಲ್ಲಿ ದೇವನಾಗರಿಯಲ್ಲಿ ಒಂದು ಸಾಲು ಇತ್ತು: 'ಭಾಭೀಜೀ, ಆ ಮುದುಕಿಗೆ ಚಿಲ್ಲರೆ ಸಿಕ್ಕಿತೇ?'

ಡಿಸೆಂಬರಿನಲ್ಲಿ ಮೊದಲ ರಜೆ. ಕೂದಲಿಲ್ಲ, ಕೆನ್ನೆ ಇಲ್ಲ, ಬೆನ್ನು ಮಾತ್ರ ನೆಟ್ಟಗೆ. ನೌಕಾಪಡೆಯವರು ನೆಲದ ಮೇಲಿದ್ದರೂ ಹಡಗಿನ ಭಾಷೆಯನ್ನೇ ಆಡುತ್ತಾರೆ. ಕೋಣೆಗೆ ಕ್ಯಾಬಿನ್, ಅಡುಗೆಮನೆಗೆ ಗ್ಯಾಲಿ, ನೆಲಕ್ಕೆ ಡೆಕ್, ಶೌಚಾಲಯಕ್ಕೆ ಹೆಡ್ಸ್, ಗೇಟು ದಾಟಿ ಪೇಟೆಗೆ ಹೋದರೆ ಅದು ಆಶೋರ್. ಮನೆಗೆ ಬಂದ ಎರಡನೆಯ ದಿನ ಅವನು ಅಭ್ಯಾಸಬಲದಿಂದ "ಅಮ್ಮಾ, ಗ್ಯಾಲಿಯಲ್ಲಿ ಏನಿದೆ?" ಎಂದು ಕೇಳಿದನಂತೆ. ಅಡುಗೆಮನೆಯಿಂದ ಅವರು "ಗಾಳಿಯಲ್ಲಿ ಏನಿರುತ್ತದೆ ಮಗ, ಸ್ವಲ್ಪ ಚಳಿ ಇದೆ, ಶಾಲು ಹೊದ್ದುಕೋ" ಎಂದರಂತೆ. ನಾವು ಭೇಟಿಯಾದದ್ದು ಮಧೂರು ದೇವಸ್ಥಾನದಲ್ಲಿ. ಮಧೂರಿಗೆ ಹೋಗುತ್ತೇನೆ ಎಂದರೆ ನಮ್ಮ ಕಡೆ ಯಾವ ಮನೆಯಲ್ಲೂ ಬೇಡ ಎನ್ನುವುದಿಲ್ಲ. ಸಾಕ್ಷಿಗೆ ಗಣಪತಿಯ ಅಪ್ಪ ಪ್ರಸಾದವನ್ನೂ ತಂದುಕೊಟ್ಟರೆ ಮುಗಿಯಿತು. ಆ ರಜೆಯಲ್ಲಿ ನಮ್ಮ ಮನೆಯವರು ತಿಂದಷ್ಟು ಅಪ್ಪ ಬೇರೆ ಯಾವ ವರ್ಷವೂ ತಿಂದಿಲ್ಲ.

ರಜೆ ಮುಗಿದ ಮೇಲಿನ ಹದಿನೈದು ದಿನ ಮೊದಲ ಟರ್ಮಿಗಿಂತ ಕಷ್ಟ. ಇದನ್ನು ಯಾರೂ ನನಗೆ ಮೊದಲೇ ಹೇಳಿರಲಿಲ್ಲ.

ಪರೀಕ್ಷೆಯ ಕೆಲಸಕ್ಕೆಂದು ಆಗಾಗ ವಿಶ್ವವಿದ್ಯಾಲಯದ ಕಚೇರಿಗೆ ಕಣ್ಣೂರಿಗೆ ಹೋಗಬೇಕಾಗುತ್ತಿತ್ತು. ಹೋಗುವಾಗ ಬಲಗಡೆಯ ಕಿಟಕಿ, ಬರುವಾಗ ಎಡಗಡೆಯದು. ಪಯ್ಯನ್ನೂರು ದಾಟಿದ ಮೇಲೆ ಪಶ್ಚಿಮಕ್ಕೆ, ಗದ್ದೆ ಮತ್ತು ತೆಂಗಿನ ತಲೆಗಳ ಆಚೆ, ಏಳಿಮಲ ಕಾಣುತ್ತದೆ. ಸಮುದ್ರದ ಅಂಚಿನಿಂದ ಒಮ್ಮೆಗೇ ಎದ್ದುನಿಂತ 286 ಮೀಟರಿನ ಗುಡ್ಡ. ಹಿಂದೆ ದೂರದಿಂದ ಬರುವ ಹಡಗಿನವರಿಗೆ ಇದೇ ಗುರುತಾಗಿತ್ತು, ಪೋರ್ಚುಗೀಸರ ನಕ್ಷೆಗಳಲ್ಲೂ ಇದೆ. ನನಗೆ ಅದು ಕಿಟಕಿಯಲ್ಲಿ ಹತ್ತು ನಿಮಿಷದ ಗುರುತು. ಏಳಿಮಲ ಎಂಬ ಹೆಸರಿನ ಸ್ಟೇಷನ್ನೇ ಇದೆ, ಪ್ಯಾಸೆಂಜರ್ ನಿಲ್ಲುತ್ತದೆ. ಇಳಿದರೆ ಇಳಿಯಬಹುದು. ಇಳಿದು ಹೋಗುವುದಾದರೂ ಎಲ್ಲಿಗೆ, ಗೇಟಿನ ಕಾವಲುಗಾರನಿಗೆ ಏನೆಂದು ಹೇಳುವುದು? ದುಬೈಯ ಗೆಳತಿಗೆ ಇದನ್ನೇ ಹೇಳಬೇಕಿತ್ತು. ಅವಳಿಗೆ ದುಬೈ ಕಿಟಕಿಯಲ್ಲಿ ಕಾಣುವುದಿಲ್ಲ.

ಎರಡನೆಯ ವರ್ಷ ಒಂದು ಭಾನುವಾರ ಅವನಿಗೆ ಲಿಬರ್ಟಿ, ಅಂದರೆ ಹೊರಗೆ ಹೋಗುವ ಅನುಮತಿ, ಸಿಗುವುದಿತ್ತು. ಪಯ್ಯನ್ನೂರು ಸ್ಟೇಷನ್ನಿನಲ್ಲಿ ಹತ್ತು ಗಂಟೆಗೆ ಎಂದು ಮಾತಾಯಿತು. ಒಂಬತ್ತೂವರೆಗೇ ತಲುಪಿದೆ. ಹತ್ತಾಯಿತು, ಹನ್ನೊಂದಾಯಿತು. ಬೋಗಿಯ ಲೆಕ್ಕ ಹಾಕಿದೆ. ತೂಕದ ಯಂತ್ರದ ಮೇಲೆ ನಿಂತೆ. ಹನ್ನೆರಡರ ತನಕ ಸ್ಟೇಷನ್ನಿನಲ್ಲೇ ಇದ್ದು, ಆಮೇಲೆ ಪೇಟೆಯಲ್ಲಿ ಒಂದು ಸುತ್ತು ಹೋಗಿ ಬಂದೆ. ಒಂದು ಆಭರಣದ ಅಂಗಡಿಯಲ್ಲಿ ಪಯ್ಯನ್ನೂರಿನ ಪವಿತ್ರದ ಉಂಗುರ ಇಟ್ಟಿದ್ದರು, ದರ್ಭೆಯ ಗಂಟನ್ನೇ ಚಿನ್ನದಲ್ಲಿ ಹೆಣೆದಂತೆ. ಅಂಗಡಿಯವರು ಮಲಯಾಳದಲ್ಲಿ "ಯಾರಿಗೆ?" ಎಂದು ಕೇಳಿದರು. ಸುಮ್ಮನೆ ನೋಡಿದೆ ಎಂದೆ. 1930ರಲ್ಲಿ ಕೇಳಪ್ಪನ್ ಅವರು ಕೋಯಿಕ್ಕೋಡಿನಿಂದ ನಡೆದುಬಂದು ಉಪ್ಪಿನ ಸತ್ಯಾಗ್ರಹ ಮಾಡಿದ ಊರು ಅದು. ಅವರಿಗೆ ಜೊತೆಯಲ್ಲಿ ಜನರಾದರೂ ಇದ್ದರು. ಎರಡು ಗಂಟೆಗೆ ಮತ್ತೆ ಸ್ಟೇಷನ್ನಿಗೆ ಹೋಗಿ, ಮೂರರ ತನಕ ಕುಳಿತು, ಬಂದ ರೈಲು ಹತ್ತಿದೆ. ಬರುವಾಗ ಬಾಗಿಲ ಬಳಿ ಗುಡ್ಡಕ್ಕೆ ಬೆನ್ನು ಹಾಕಿ ನಿಂತೆ.

ಹಿಂದಿನ ದಿನದ ತಪಾಸಣೆಯಲ್ಲಿ ಅವನ ಶೂ ಹೊಳೆಯಲಿಲ್ಲವಂತೆ. ಶೂ ಹೊಳೆಯದ ತಪ್ಪಿಗೆ ಲಿಬರ್ಟಿ ಹೋಯಿತು, ತಿಳಿಸಲು ಫೋನಿರಲಿಲ್ಲ. ಕಾಗದದಲ್ಲಿ ಹತ್ತು ಸಲ ಕ್ಷಮೆ ಕೇಳಿದ್ದ, ಒಂಬತ್ತು ಸಲ 'ಕ್ಷಮೆ' ಸರಿಯಾಗಿಯೇ ಇತ್ತು. ಅವನ ಮೇಲೆ ಕೋಪ ಎರಡು ದಿನವೂ ಉಳಿಯಲಿಲ್ಲ. ಕೋಪ ಬಂದದ್ದು ನನ್ನ ಮೇಲೆ. ಆ ಐದೂವರೆ ಗಂಟೆ ನಾನು ಓದಲೆಂದು ಚೀಲದಲ್ಲಿ ಒಂದು ಪುಸ್ತಕ ಕೂಡ ಒಯ್ದಿರಲಿಲ್ಲ. ಯೋಚಿಸಿದರೆ ಆ ಒಂದು ದಿನ ಮಾತ್ರವಲ್ಲ, ಒಂದೂವರೆ ವರ್ಷದಿಂದ ನಾನು ಮಾಡುತ್ತಿದ್ದದ್ದೇ ಅದು. ವಾರದ ಆರು ದಿನ ಭಾನುವಾರಕ್ಕೆ ಕಾಯುವುದು, ಭಾನುವಾರ ಹನ್ನೊಂದಕ್ಕೆ ಕಾಯುವುದು. ಅವನಿಗೆ ಕಾಯಲು ಪುರುಸೊತ್ತಿರಲಿಲ್ಲ. ದಿನದ ಪ್ರತಿ ಗಂಟೆಗೂ ಅವನಿಗೊಂದು ಕೆಲಸವಿತ್ತು, ಈಜು, ದೋಣಿ, ಡ್ರಿಲ್, ಎಲೆಕ್ಟ್ರಾನಿಕ್ಸ್. ಕಾಯುವ ಕೆಲಸ ಪೂರ್ತಿ ನನ್ನ ಪಾಲಿಗೆ ಬಿದ್ದಿತ್ತು, ಅದನ್ನೇ ಪ್ರೀತಿ ಎಂದು ತಿಳಿದುಕೊಂಡಿದ್ದೆ.

ನಮ್ಮೂರಿನ ಭಜನಾ ಮಂದಿರದಲ್ಲಿ ಹುಡುಗಿಯರ ಯಕ್ಷಗಾನ ತಂಡ ಕಟ್ಟುವ ಪ್ರಯತ್ನ ನಡೆದಿತ್ತು. ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಹುಟ್ಟಿಯೂ ಅದುವರೆಗೆ ನಾನು ಆಟ ನೋಡಿ ನಿದ್ದೆ ಮಾಡಿದವಳೇ ಹೊರತು ಹಾಡಿದವಳಲ್ಲ. ಭಾಗವತಿಕೆ ಕಲಿಯುತ್ತೇನೆ ಎಂದು ಹೆಸರು ಕೊಟ್ಟೆ. ತರಗತಿ ಭಾನುವಾರ ಹತ್ತೂವರೆಯಿಂದ ಹನ್ನೆರಡೂವರೆ. ಗುರುಗಳು ತಾಳ ತಪ್ಪಿದರೆ ಕೈಯಿಂದ ಜಾಗಟೆ ಕಸಿದುಕೊಳ್ಳುವವರು. ಮೊಬೈಲ್ ಒಳಗೆ ತರುವಂತಿಲ್ಲ. ಅದನ್ನು ಕೇಳಿ ನನಗೆ ನಗು ಬಂತು, ನನಗೂ ಒಂದು ಅಕಾಡೆಮಿ ಸಿಕ್ಕಿತಲ್ಲ ಎಂದು.

ಮೊದಲ ಭಾನುವಾರ ಹೊರಗೆ ಬಂದು ನೋಡಿದರೆ ಅವನ ಏಳು ಕರೆ. ಮುಂದಿನ ವಾರ ಒಂಬತ್ತು. ಆಮೇಲೆ ಒಂದು ಕಾಗದ ಬಂತು, ಸಂಬೋಧನೆ ಇಲ್ಲದ್ದು. ಯಾರಾದರೂ ಸಿಕ್ಕಿದ್ದಾರೆಯೇ ಎಂಬ ಪ್ರಶ್ನೆ ನೇರವಾಗಿ ಇರಲಿಲ್ಲ, ಆದರೆ ಸಾಲುಗಳ ನಡುವೆ ಅದೊಂದೇ ಇತ್ತು. ಕರೆ ಹೋಗುತ್ತದೆ, ಎತ್ತುವವರಿಲ್ಲ, ಅದು ಹೇಗಿರುತ್ತದೆಂದು ಅವನಿಗೆ ಮೊದಲ ಸಲ ಗೊತ್ತಾಗಿತ್ತು. ನಾನು ಕಾಗದದಲ್ಲಿ ಜಾಗಟೆಯ ಚಿತ್ರ ಬರೆದು, ಕೆಳಗೆ ತರಗತಿಯ ವೇಳೆ ಬರೆದು ಕಳುಹಿಸಿದೆ. ಎರಡು ವಾರ ಬಿಗುಮಾನ. ಮೂರನೆಯ ವಾರ ಮಧ್ಯಾಹ್ನ ಒಂದೂವರೆಗೆ ಫೋನ್ ಬಂತು. ಅಲ್ಲಿ ಯಾರನ್ನು ಬೇಡಿಕೊಂಡು ವೇಳೆ ಬದಲಿಸಿಕೊಂಡನೋ ಹೇಳಲಿಲ್ಲ. "ಏನು ಕಲಿತೆ?" ಎಂದು ಮಾತ್ರ ಕೇಳಿದ.

ಅಲ್ಲಿಂದ ಮಾತಿನ ರೀತಿಯೇ ಬದಲಾಯಿತು. ಒಮ್ಮೆ "ನಿಮ್ಮ ಸ್ಲೋ ಮಾರ್ಚ್ ಯಾವ ತಾಳ?" ಎಂದು ಕೇಳಿದೆ. ಫೋನಿನ ಬದಿಗೆ ಬೆರಳಿನಿಂದ ತಟ್ಟಿ ತೋರಿಸಿದ. "ಇದು ಏಕತಾಳ, ವಿಳಂಬ" ಎಂದೆ. "ನಮ್ಮ ಡ್ರಿಲ್ ಇನ್‌ಸ್ಟ್ರಕ್ಟರಿಗೆ ಹೇಳುತ್ತೇನೆ, ಸಂತೋಷಪಡುತ್ತಾರೆ" ಎಂದ. ವರ್ಷ ಕಳೆದಂತೆ ಅವನಿಗೆ ಫೋನಿನ ಅವಕಾಶ ಹೆಚ್ಚಾಯಿತು, ವಾರದ ನಡುವೆಯೂ ಮಾತನಾಡಬಹುದಿತ್ತು. ಆದರೂ ನಾವು ಆ ಇಪ್ಪತ್ತು ನಿಮಿಷಗಳನ್ನೇ ಉಳಿಸಿಕೊಂಡೆವು. ಇಪ್ಪತ್ತು ಮುಗಿಯುವಾಗ ಅವನು "ಸರಿ, ಇಡಲೇ?" ಎನ್ನುತ್ತಿದ್ದ. ನಾನು "ಊಟ ಮಾಡು" ಎನ್ನುತ್ತಿದ್ದೆ. ನಡುವೆ ಜಗಳವಾಗಿದ್ದರೂ ಕೊನೆಯ ಆ ಎರಡು ಮಾತು ಬದಲಾಗುತ್ತಿರಲಿಲ್ಲ.

ಅಪ್ಪನಿಗೆ ತಿಳಿದದ್ದು ಮೂರನೆಯ ವರ್ಷ, ಅಂಚೆಯಣ್ಣನಿಂದ. ನಾಲ್ಕು ಕಾಗದ ಒಟ್ಟಿಗೆ ಬಂದ ದಿನ ನಾನು ಕಾಲೇಜಿನಲ್ಲಿದ್ದೆ. ಸಂಜೆ ಜಗಲಿಯ ಮೇಲೆ ನಾಲ್ಕನ್ನೂ ಅಡಿಕೆ ಹೋಳಿನ ಹಾಗೆ ಸಾಲಾಗಿ ಇಟ್ಟುಕೊಂಡು ಕುಳಿತಿದ್ದರು. ಒಡೆದಿರಲಿಲ್ಲ. "ಯಾರ ಮನೆಯವನು?" ಎಂದರು. ಹೇಳಿದೆ. "ಹಡಗಿಗೆ ಹೋಗುವವನೇ?" ಎಂದರು. ಉದುಮ, ಪಾಲಕುನ್ನು ಕಡೆ ಮರ್ಚೆಂಟ್ ನೇವಿಯವರ ಮನೆಗಳು ಬಹಳ. ಅಪ್ಪನ ಲೆಕ್ಕದಲ್ಲಿ ಹಡಗು ಎಂದರೆ ಎಲ್ಲ ಒಂದೇ. ಇದು ನೌಕಾಪಡೆ, ಅಧಿಕಾರಿಯ ಹುದ್ದೆ ಎಂದು ಬಿಡಿಸಿ ಹೇಳಿದೆ. ಮೂವತ್ತು ವರ್ಷದ ಪತ್ರಿಕೆ ತಲೆಯಲ್ಲಿಟ್ಟುಕೊಂಡಿರುವ ಮನುಷ್ಯ. "ಏಳಿಮಲದ್ದಾ? ರಾಜೀವ ಗಾಂಧಿ ಕಲ್ಲು ಹಾಕಿದ್ದು 1987ರಲ್ಲಿ, ಮನಮೋಹನ ಸಿಂಗ್ ಉದ್ಘಾಟನೆ ಮಾಡಿದ್ದು 2009ರಲ್ಲಿ. ತಾಳ್ಮೆ ಇದ್ದವರ ಜಾಗ" ಎಂದು ಕಾಗದಗಳನ್ನು ನನ್ನ ಕೈಗೆ ಕೊಟ್ಟು ತೋಟಕ್ಕೆ ಹೋದರು. ಒಪ್ಪಿಗೆಯೋ ಅಲ್ಲವೋ ತಿಳಿಯದೆ ಎರಡು ತಿಂಗಳು ಒದ್ದಾಡಿದೆ. ಒಂದು ಭಾನುವಾರ ಸಿಗ್ನಲ್ ಬರುವ ಆ ಗೇರುಮರದ ಬುಡದಲ್ಲಿ ಹೊಸದಾಗಿ ಎರಡು ಮುರಕಲ್ಲು ಕೂರಿಸಿದ್ದು ಕಂಡಿತು, ಕುಳಿತುಕೊಳ್ಳುವಷ್ಟು ಎತ್ತರಕ್ಕೆ. ಯಾರು ಇಟ್ಟದ್ದೆಂದು ನಾನು ಕೇಳಲಿಲ್ಲ.

ಕೊನೆಯ ಟರ್ಮಿನ ಪಾಸಿಂಗ್ ಔಟ್ ಪರೇಡ್ ಮೇ ತಿಂಗಳಲ್ಲಿ. ಭುಜದ ಪಟ್ಟಿ ತೊಡಿಸುವುದು ತಂದೆ ತಾಯಿ. ನಾನು ಯಾವ ಲೆಕ್ಕಕ್ಕೂ ಸೇರದವಳು, ಹಾಗಾಗಿ ಅದೇ ಮುರಕಲ್ಲಿನ ಮೇಲೆ ಕುಳಿತು ಮೊಬೈಲಿನಲ್ಲಿ ನೇರ ಪ್ರಸಾರ ನೋಡಿದೆ. ಎಲ್ಲರೂ ಬಿಳಿ ಸಮವಸ್ತ್ರ, ಎಲ್ಲರ ಟೋಪಿಯೂ ಹುಬ್ಬಿನ ತನಕ. ಮೂರನೆಯ ಸಾಲಿನಲ್ಲಿ ಅವನನ್ನು ಗುರುತಿಸಿ, ಸ್ಲೋ ಮಾರ್ಚಿಗೆ ತೊಡೆಯ ಮೇಲೆ ತಾಳ ಹಾಕುತ್ತ, ಕಣ್ಣು ಒರೆಸಿಕೊಂಡು ಹೆಮ್ಮೆಯಿಂದ ನೋಡಿದೆ. ಸಂಜೆ ಅವನು ಹೇಳಿದ, ಮೂರನೆಯ ಸಾಲಿನಲ್ಲಿ ಅವನು ಇರಲೇ ಇಲ್ಲ. ನಾನು ಅತ್ತದ್ದು ಯಾರ ಮಗನಿಗೋ.

ಕೊಚ್ಚಿಯಲ್ಲಿ ತರಬೇತಿಯ ಹಡಗಿಗೆ ಸೇರುವ ಮೊದಲು ಅವನಿಗೆ ರಜೆಯಿತ್ತು. ಒಂದು ಬುಧವಾರ, ಮನೆಯಲ್ಲಿ ಹೇಳಿಯೇ, ಬೇಕಲ ಕೋಟೆಗೆ ಹೋದೆವು. ಕೆಳದಿಯವರು ಕಟ್ಟಿಸಿದ ಕೋಟೆಯ ಬುರುಜಿನ ಮೇಲೆ, ಮಳೆ ಇನ್ನೂ ಬಾರದ ಸಮುದ್ರಕ್ಕೆ ಮುಖ ಮಾಡಿ ಕುಳಿತೆವು. ದಕ್ಷಿಣಕ್ಕೆ ಏಳಿಮಲ ಕಾಣುತ್ತದೆಯೇ ಎಂದು ನೋಡಿದೆವು, ಬಿಸಿಲಿನ ಮಬ್ಬಿನಲ್ಲಿ ಏನೂ ತಿಳಿಯಲಿಲ್ಲ. ಪಕ್ಕದಲ್ಲಿ ಮನುಷ್ಯ, ಎದುರಿಗೆ ಇಡೀ ದಿನ, ಯಾರ ಫೋನಿಗೂ ಯಾರ ಅಪ್ಪಣೆಯೂ ಬೇಡ. ಅವನು ಹಡಗಿನ ಬಗ್ಗೆ ಹೇಳಿದ. ನಾನು ಮೊದಲ ತಾಳಮದ್ದಳೆಯಲ್ಲಿ ಪದ ಮರೆತು ನಿಂತದ್ದನ್ನು ಹೇಳಿದೆ. ಅವನ ಅಮ್ಮನ ಮಂಡಿನೋವು, ನಮ್ಮ ಅಜ್ಜಿಯ ಹೊಸ ಕನ್ನಡಕ, ಹರಿಯಾಣದ ಹುಡುಗ ಹೋಗುವಾಗ ಅತ್ತದ್ದು. ಆಮೇಲೆ ಮಾತು ನಿಂತಿತು. ಅವನು ತಿಳಿಯದೆಯೇ ಕೈಗಡಿಯಾರ ನೋಡಿ, ಎದ್ದು, ಪ್ಯಾಂಟಿನ ಧೂಳು ಕೊಡವಿಕೊಂಡ.

"ಸರಿ, ಇಡಲೇ?" ಎಂದ.

"ಊಟ ಮಾಡು" ಎಂದೆ ನಾನು.